ಒಂದು ದತ್ತಾಂಶ, ಹಲವು ಕಂಪ್ಯೂಟರ್

ಕಚೇರಿಯೊಂದರಲ್ಲಿ ನಾಲ್ಕೈದು ಮಂದಿ ದತ್ತಾಂಶ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದೇ ಕಡತವನ್ನು ಒಟ್ಟಿಗೆ ತೆರೆದರೆ ಅದು ಕೆಡುವ ಸಂಭವ ಹೆಚ್ಚು. ಕಡತವನ್ನು ಎರಡಾಗಿ ಒಡೆಯಬೇಕು: ಕೋಷ್ಟಕಗಳು ಹಂಚಿಕೆಯ ಫೋಲ್ಡರ್‌ನಲ್ಲಿ, ಫಾರಂ ಮತ್ತು ವರದಿಗಳ ಪ್ರತಿ ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ. ಆ ಫೋಲ್ಡರ್‌ನಲ್ಲಿ ಓದುವ, ಬರೆಯುವ, ಅಳಿಸುವ ಅನುಮತಿ ಎಲ್ಲರಿಗೂ ಬೇಕು. ಸಂಪರ್ಕಕ್ಕೆ ವೈಫೈ ಬೇಡ, ಕೇಬಲ್ಲೇ ಇರಲಿ. ಆಕ್ಸೆಸ್ ಕಡತದ ಗಾತ್ರದ ಮಿತಿ 2 ಜಿಬಿ. ಒಟ್ಟಿಗೆ 255 ಬಳಕೆದಾರರೆಂಬ ಮಿತಿ ಕಾಗದದ ಮೇಲಿನ ಮಾತು. ಬೇರೆ ಊರಿನ ಶಾಖೆಯೂ ಇಂಟರ್ನೆಟ್ ಮೂಲಕ ಸೇರುವುದಾದರೆ ಮೈಎಸ್‌ಕ್ಯುಎಲ್‌ನಂಥ ಸರ್ವರ್ ತಂತ್ರಾಂಶವೇ ಸರಿ. ಇನ್ನು ಭದ್ರತೆ: ಕರ್ನಾಟಕದ ಪಹಣಿ ದಾಖಲೆಗಳ ‘ಭೂಮಿ’ ಯೋಜನೆಯಲ್ಲಿ ನೌಕರರು ಬೆರಳಚ್ಚು ಕೊಟ್ಟೇ ಒಳಹೋಗುವ ವ್ಯವಸ್ಥೆ ಬಂತು. ಸಣ್ಣ ಕಚೇರಿಯಲ್ಲೂ ಪ್ರತಿಯೊಬ್ಬರಿಗೆ ಪ್ರತ್ಯೇಕ ಲಾಗಿನ್ ಇರಬೇಕು. ಕನ್ನಡ ಹೆಸರುಗಳನ್ನು ಯೂನಿಕೋಡ್‌ನಲ್ಲೇ ತುಂಬಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ತುಂಬಿದವು ಅಕಾರಾದಿಗೆ ಒಗ್ಗುವುದಿಲ್ಲ. ಬ್ಯಾಕಪ್ ರಾತ್ರಿ, ಎಲ್ಲರೂ ಕಡತ ಮುಚ್ಚಿದ ಮೇಲೆ.