ಕೂತರೆ ಸಾಲದು, ಹೊಂದಬೇಕು: ಗುಜರಿ ಸ್ಪ್ರಿಂಗ್ ಕಲಿಸಿದ ಪಾಠ



ಪ್ರಥಮ ಪಿಯುಸಿಯಲ್ಲಿ ನಾವೆಲ್ಲರೂ ಪ್ರಯೋಗಾಲಯದಲ್ಲಿ ಸುರುಳಿ ಸ್ಪ್ರಿಂಗ್‌ಗೆ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ನೇತುಹಾಕಿ ಅದರ ಬಲ ಸ್ಥಿರಾಂಕ ಕಂಡುಹಿಡಿದಿದ್ದೇವೆ. ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡು, ಮರೆತಿದ್ದೇವೆ. ನಾನೂ ಮರೆತಿದ್ದೆ. ಕಳೆದ ಮದುವೆ ಸೀಸನ್‌ನಲ್ಲಿ ನಮ್ಮ ಮನೆಯ ಕಾರು ಅದನ್ನು ಮತ್ತೆ ನೆನಪಿಸಿತು.

ನಮ್ಮ ಅಬ್ಬಾ ಬನ್ನಿಮಂಟಪದಲ್ಲಿ ಮದುವೆ ಮನೆಗಳಿಗೆ ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಹಿಂದಿನ ಸೀಟು ಮಡಚಿ, ಅದರಲ್ಲೇ ದೊಡ್ಡ ದೊಡ್ಡ ಪಾತ್ರೆಗಳನ್ನು ತುಂಬಿಕೊಂಡು ಹೋಗುವುದು ವರ್ಷಗಳ ಅಭ್ಯಾಸ. ಬರಬರುತ್ತಾ ಕಾರಿನ ಹಿಂಭಾಗ ಕುಸಿಯಿತು. ಪ್ರತಿ ಹಂಪ್‌ನಲ್ಲೂ ತಳ ಉಜ್ಜುವ ಸದ್ದು. ಕಾರಿನ ಹೆಸರು ಇಲ್ಲಿ ಬೇಡ. ತಪ್ಪು ಕಾರಿನದಲ್ಲ, ಹೊರೆ ಹಾಕಿದ ನಮ್ಮದು.

ಹೊಸ ಸ್ಪ್ರಿಂಗ್ ಜೋಡಿಯ ಬೆಲೆ ಕೇಳಿ ಅಬ್ಬಾ ಸುಮ್ಮನಾದರು. ಆಗ ನಾನೇ ಒಂದು ಉಪಾಯ ಹೇಳಿದೆ. ನಮ್ಮ ಕಾರಿಗೇ ಡಿಕ್ಕಿ ಸೇರಿಸಿ ಮಾಡಿದ ಸೆಡಾನ್ ಒಂದಿದೆ. ಅದರ ಕಂಪನಿಯ ಸ್ಪ್ರಿಂಗ್‌ಗಳು ಗುಜರಿಯಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಒಂದೇ ವಂಶದ ಕಾರುಗಳಾದ್ದರಿಂದ ಕೂರುತ್ತವೆ, ಡಿಕ್ಕಿಯ ಕಾರಿನದಾದ್ದರಿಂದ ಗಟ್ಟಿಯಾಗಿಯೂ ಇರುತ್ತವೆ ಎಂದೆ. "ಓದುತ್ತಿರುವವನು ನೀನು, ನೀನು ಹೇಳಿದರೆ ಸರಿ" ಎಂದರು ಅಬ್ಬಾ. ಗ್ಯಾರೇಜಿನ ಉಸ್ತಾದ್ ಮಾತ್ರ, "ಕೂರುತ್ತೆ ಬೇಟಾ. ಹೊಂದುತ್ತೋ ಇಲ್ಲವೋ ನಾನು ಹೇಳಲಾರೆ" ಎಂದರು. ಆ ಎರಡು ಮಾತುಗಳ ನಡುವಿನ ವ್ಯತ್ಯಾಸ ನನಗೆ ಆಗ ತಿಳಿಯಲಿಲ್ಲ.

ಸ್ಪ್ರಿಂಗ್‌ಗಳು ಸರಿಯಾಗಿ ಕೂತವು. ಕಾರಿನ ಹಿಂಭಾಗ ಎತ್ತರಕ್ಕೆ ನಿಂತಿತು. ನನಗೆ ಬಹಳ ಹೆಮ್ಮೆ. ನಾಲ್ಕನೇ ದಿನ ಸಂಜೆ ತುಂತುರು ಮಳೆ. ಪಾತ್ರೆಗಳನ್ನು ಇಳಿಸಿ ಖಾಲಿ ಕಾರಿನಲ್ಲಿ ಬರುತ್ತಿದ್ದೆವು, ತಂಗಿಯೂ ಜೊತೆಗಿದ್ದಳು. ದಸರೆಯ ಪಂಜಿನ ಕವಾಯತು ನಡೆಯುವ ಮೈದಾನದ ಹತ್ತಿರ ನಾಯಿಯೊಂದು ಅಡ್ಡ ಬಂತು. ಅಬ್ಬಾ ಬ್ರೇಕ್ ಒತ್ತಿದರು. ಹಿಂದಿನ ಚಕ್ರಗಳು ರಸ್ತೆ ಹಿಡಿಯದೆ ಕುಪ್ಪಳಿಸಿದವು, ಕಾರು ಅಡ್ಡ ತಿರುಗಿ ನಿಂತಿತು. ಎದುರಿನಿಂದ ಯಾರೂ ಬರಲಿಲ್ಲ, ಯಾರಿಗೂ ಏಟಾಗಲಿಲ್ಲ. ಅಬ್ಬಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಮರುದಿನ ನಮ್ಮ ಭೌತಶಾಸ್ತ್ರದ ಸರ್ ಬಳಿ ಎಲ್ಲವನ್ನೂ ಹೇಳಿದೆ. ಅವರು ವರ್ನಿಯರ್ ಕ್ಯಾಲಿಪರ್ಸ್ ಕೊಟ್ಟು, "ಮೊದಲು ಅಳೆದುಕೊಂಡು ಬಾ, ಆಮೇಲೆ ಮಾತಾಡೋಣ" ಎಂದರು. ಉಸ್ತಾದ್ ಸ್ಪ್ರಿಂಗ್ ಬಿಚ್ಚಿದರು, ನಾನು ಹಳೆಯದನ್ನೂ ಗುಜರಿಯದನ್ನೂ ಅಳೆದೆ. ಅಲ್ಲಿ ಕಲಿತದ್ದು ಈ ಲೇಖನ.

ಸ್ಪ್ರಿಂಗ್‌ನ ಬಿಗಿ ಎಲ್ಲಿಂದ ಬರುತ್ತದೆ?

ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ನಮಗೆ ಗೊತ್ತು: ಸ್ಥಿತಿಸ್ಥಾಪಕ ಮಿತಿಯೊಳಗೆ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೋ ಅಥವಾ ಹಿಗ್ಗುತ್ತದೋ ಅದಕ್ಕೆ ಬಲವು ಅನುಪಾತದಲ್ಲಿರುತ್ತದೆ. ಆ ಅನುಪಾತವೇ ಬಲ ಸ್ಥಿರಾಂಕ. ಆದರೆ ಅದು ಸ್ಪ್ರಿಂಗ್‌ನ ಯಾವ ಯಾವ ಅಳತೆಯನ್ನು ಅವಲಂಬಿಸಿದೆ ಎಂಬುದು ನಮ್ಮ ರೆಕಾರ್ಡ್‌ನಲ್ಲಿಲ್ಲ. ಸರ್ ಬೋರ್ಡಿನ ಮೇಲೆ ಬರೆದರು:

ಬಲ ಸ್ಥಿರಾಂಕ = (ದೃಢತಾ ಗುಣಾಂಕ × ತಂತಿಯ ದಪ್ಪದ 4ನೇ ಘಾತ) ÷ (8 × ಸುರುಳಿಯ ಸರಾಸರಿ ವ್ಯಾಸದ ಘನ × ಕೆಲಸ ಮಾಡುವ ಸುತ್ತುಗಳ ಸಂಖ್ಯೆ)

ಸ್ಪ್ರಿಂಗ್ ಉಕ್ಕಿನ ದೃಢತಾ ಗುಣಾಂಕ ಪ್ರತಿ ಚದರ ಮಿ.ಮೀ.ಗೆ ಸುಮಾರು 79,000 ನ್ಯೂಟನ್. "ಕೆಲಸ ಮಾಡುವ ಸುತ್ತು" ಎಂದರೆ ಎರಡೂ ತುದಿಯಲ್ಲಿ ಬಟ್ಟಲಿಗೆ ಅಂಟಿ ಕೂರುವ ಭಾಗ ಬಿಟ್ಟು ಉಳಿದದ್ದು.

ನನ್ನ ಅಳತೆಗಳನ್ನೇ ಇಲ್ಲಿ ಕೊಟ್ಟರೆ ಯಾರಾದರೂ ಅವನ್ನೇ ತಮ್ಮ ಕಾರಿಗೂ ಅನ್ವಯಿಸಬಹುದು. ಆದ್ದರಿಂದ ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನು ತೆಗೆದುಕೊಳ್ಳೋಣ. ತಂತಿಯ ದಪ್ಪ 11 ಮಿ.ಮೀ., ಸುರುಳಿಯ ವ್ಯಾಸ 110 ಮಿ.ಮೀ., ಸುತ್ತು 5. ಬಲ ಸ್ಥಿರಾಂಕ ಪ್ರತಿ ಮಿ.ಮೀ.ಗೆ ಸುಮಾರು 21.7 ನ್ಯೂಟನ್. ಈಗ ತಂತಿಯ ದಪ್ಪವನ್ನು ಮಾತ್ರ 12 ಮಿ.ಮೀ. ಮಾಡಿ. ಅದು 30.8 ನ್ಯೂಟನ್ ಆಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೇ ಒಂದು ಮಿ.ಮೀ. ವ್ಯತ್ಯಾಸ, ಆದರೆ ಬಿಗಿ ಶೇ. 42ರಷ್ಟು ಹೆಚ್ಚು! 4ನೇ ಘಾತದ ಮಹಿಮೆ ಇದು. ಅಂಗಡಿಯಲ್ಲಿ ಎರಡೂ ಸ್ಪ್ರಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು "ಒಂದೇ ತರಹ ಇವೆ" ಎಂದು ನಾನು ಹೇಳಿದ್ದು ಇದಕ್ಕೇ ತಪ್ಪಾಯಿತು. ಸ್ಪ್ರಿಂಗ್ ಕೂರುವುದು ವ್ಯಾಸದಿಂದ, ಹೊಂದುವುದು ಬಿಗಿಯಿಂದ.

ಖಾಲಿ ಕಾರು ಏಕೆ ಕುಪ್ಪಳಿಸಿತು?

ಖಾಲಿ ಕಾರಿನ ಹಿಂದಿನ ಒಂದೊಂದು ಸ್ಪ್ರಿಂಗ್ ಮೇಲೆ 200 ಕೆ.ಜಿ. ಬೀಳುತ್ತದೆ ಎಂದುಕೊಳ್ಳಿ. ಮೊದಲ ಸ್ಪ್ರಿಂಗ್ ಸುಮಾರು 90 ಮಿ.ಮೀ. ಕುಗ್ಗುತ್ತದೆ, ಎರಡನೆಯದು 64 ಮಿ.ಮೀ. ಮಾತ್ರ. ಎರಡರ ಮೂಲ ಉದ್ದ ಒಂದೇ ಆಗಿದ್ದರೂ ಕಾರು ಸುಮಾರು 27 ಮಿ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಆಂದೋಲನದ ಪಾಠದ ಸೂತ್ರ ಹಾಕಿದರೆ, ಮೊದಲನೆಯದರಲ್ಲಿ ಕಾರು ಸೆಕೆಂಡಿಗೆ 1.7 ಸಲ ಏರಿಳಿಯುತ್ತದೆ, ಎರಡನೆಯದರಲ್ಲಿ ಸುಮಾರು 2 ಸಲ. ಈ ಕುಣಿತವನ್ನು ತಡೆಯುವ ಕೆಲಸ ಶಾಕ್ ಅಬ್ಸಾರ್ಬರ್‌ನದು. ಅದನ್ನು ಹಳೆಯ ಸ್ಪ್ರಿಂಗ್‌ಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಬಿಗಿ ಶೇ. 42 ಹೆಚ್ಚಿದರೆ, ಅಷ್ಟೇ ಚೆನ್ನಾಗಿ ತಡೆಯಲು ಅದರ ಶಕ್ತಿ ಸುಮಾರು ಶೇ. 19 ಹೆಚ್ಚಬೇಕು. ನಮ್ಮದು ಹಳೆಯ, ದಣಿದ ಶಾಕ್ ಅಬ್ಸಾರ್ಬರ್.

ಎರಡನೇ ಕಾರಣವನ್ನು ಉಸ್ತಾದ್ ಕಾರಿನ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದರು. ಎಬಿಎಸ್ ಇಲ್ಲದ ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಹಿಂಭಾಗ ತಗ್ಗಿದ್ದರೆ ಹೊರೆ ಇದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಎತ್ತರವಿದ್ದರೆ ಖಾಲಿ ಎಂದು ತಿಳಿದು ಕಡಿಮೆ ಬಿಡುತ್ತದೆ. ಎತ್ತರದ ಸ್ಪ್ರಿಂಗ್ ಹಾಕಿದರೆ ಆ ವಾಲ್ವ್‌ಗೆ ಸುಳ್ಳು ಹೇಳಿದಂತೆ. ಹೊರೆ ತುಂಬಿದಾಗಲೂ ಅದು ಖಾಲಿ ಎಂದೇ ನಂಬುತ್ತದೆ, ಬೇಕಾದಾಗ ಹಿಂದಿನ ಬ್ರೇಕ್ ಪೂರ್ತಿ ಸಿಗುವುದಿಲ್ಲ. ಅಂದರೆ ಖಾಲಿ ಕಾರಿನಲ್ಲಿ ನಾವು ಕಂಡದ್ದು ಅರ್ಧ ಅಪಾಯ ಮಾತ್ರ. ಪಾತ್ರೆ ತುಂಬಿ ಓಡಾಡಿದ ಮೂರು ದಿನ ಇನ್ನರ್ಧ ನಮ್ಮ ಜೊತೆಯಲ್ಲೇ ಇತ್ತು. ಇದನ್ನು ಕೇಳಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದೇ ವಂಶ, ಒಂದೇ ಸ್ಪ್ರಿಂಗ್ ಅಲ್ಲ

2005ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಸ್ವಿಫ್ಟ್‌ನಿಂದ 2008ರಲ್ಲಿ ಡಿಸೈರ್ ಹುಟ್ಟಿತು. 1998ರ ಇಂಡಿಕಾದಿಂದ 2002ರಲ್ಲಿ ಇಂಡಿಗೋ ಬಂತು. ಡಿಕ್ಕಿ ಸೇರಿದರೆ ಹಿಂದಿನ ತೂಕ ಬದಲಾಗುತ್ತದೆ. ಪೆಟ್ರೋಲ್ ಎಂಜಿನ್ ಜಾಗಕ್ಕೆ ಭಾರದ ಡೀಸೆಲ್ ಎಂಜಿನ್ ಬಂದರೆ ಮುಂದಿನ ತೂಕ ಬದಲಾಗುತ್ತದೆ. ಇಂಡಿಗೋದಲ್ಲಂತೂ ಹಿಂದಿನ ಸಸ್ಪೆನ್ಷನ್‌ನ ವಿನ್ಯಾಸವೇ ಇಂಡಿಕಾಗಿಂತ ಬೇರೆ. ಮಾರುತಿ 800 ಮತ್ತು ಓಮ್ನಿಗೆ 796 ಸಿಸಿ ಎಂಜಿನ್ ಒಂದೇ, ಆದರೆ ಓಮ್ನಿಯ ಹಿಂದೆ ಲಾರಿಯಂತೆ ಕಮಾನು ಪಟ್ಟಿಗಳಿವೆ. ಒಂದೇ ಮಾದರಿಯ ಬೇರೆ ಬೇರೆ ಕಾರುಗಳಿಗೂ ಬೇರೆ ಸ್ಪ್ರಿಂಗ್ ಇರಬಹುದು. ಅದಕ್ಕಾಗಿಯೇ ಕಾರ್ಖಾನೆಯವರು ಸ್ಪ್ರಿಂಗ್ ಮೇಲೆ ಬಣ್ಣದ ಗುರುತು ಹಾಕಿರುತ್ತಾರೆ. ನಾನು ಅದನ್ನು ಯಾವುದೋ ಪೇಂಟ್ ತಾಗಿದೆ ಎಂದುಕೊಂಡಿದ್ದೆ!

ಹಳೆಯ ಸ್ಪ್ರಿಂಗ್ ಎಂದರೇನು?

ವಯಸ್ಸಾದಂತೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸೂತ್ರ ಬೇರೆ ಹೇಳುತ್ತದೆ. ಉಕ್ಕಿನ ದೃಢತಾ ಗುಣಾಂಕ ಬಳಕೆಯಿಂದ ಹೆಚ್ಚುಕಡಿಮೆ ಬದಲಾಗುವುದಿಲ್ಲ. ವರ್ಷಗಟ್ಟಲೆ ಅತಿಯಾದ ಹೊರೆ ಬಿದ್ದಾಗ ಸ್ಪ್ರಿಂಗ್‌ನ ಮೂಲ ಉದ್ದ ಶಾಶ್ವತವಾಗಿ ಕಡಿಮೆಯಾಗುತ್ತದೆ, ಆದ್ದರಿಂದ ಕಾರು ಕೂತುಬಿಡುತ್ತದೆ. ಬಿಗಿ ಕಡಿಮೆಯಾಗುವುದು ತುಕ್ಕಿನಿಂದ. 11 ಮಿ.ಮೀ. ತಂತಿ ಎಲ್ಲ ಕಡೆ ಸವೆದು 10.5 ಆದರೆ ಬಿಗಿ ಶೇ. 17 ಇಳಿಯುತ್ತದೆ. ತುಕ್ಕಿನ ಗುಂಡಿಯಿರುವಲ್ಲೇ ಬಿರುಕು ಶುರುವಾಗಿ ಒಂದು ದಿನ ಸ್ಪ್ರಿಂಗ್ ಮುರಿಯಬಹುದು. ಗುಜರಿ ಸ್ಪ್ರಿಂಗ್ ಎಷ್ಟು ಹೊರೆ ಹೊತ್ತು ಬಂದಿದೆ ಎಂಬುದನ್ನು ಅದು ನಮಗೆ ಹೇಳುವುದಿಲ್ಲ.

ಸುತ್ತುಗಳ ನಡುವೆ ರಬ್ಬರ್ ತುಂಡು ಸಿಕ್ಕಿಸುವ ಇನ್ನೊಂದು ಉಪಾಯವೂ ಉಂಟು. 5 ಸುತ್ತಿನಲ್ಲಿ ಒಂದು ಸುತ್ತು ಕೆಲಸ ನಿಲ್ಲಿಸಿದರೆ ಉಳಿದ ಸ್ಪ್ರಿಂಗ್ ಶೇ. 25 ಬಿಗಿಯಾಗುತ್ತದೆ. ಅದೂ ಸ್ಪ್ರಿಂಗ್ ಬದಲಿಸಿದಂತೆಯೇ.

ನಾವು ಏನು ಮಾಡಿದೆವು?

ಲೆಕ್ಕದ ಹಾಳೆಯನ್ನು ಅಬ್ಬಾಗೆ ತೋರಿಸಿದೆ. ಅವರು ಅಂಕಿಗಳನ್ನು ನೋಡಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೆಚ್ಚು ಹೊರೆ ಹೊರಬಹುದಾ?" ಇಲ್ಲ ಎಂದೆ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದ ಮಿತಿ ಟೈರ್, ಬ್ರೇಕ್, ಆಕ್ಸಲ್ ಎಲ್ಲವನ್ನೂ ಸೇರಿಸಿ ಹೇಳಿದ್ದು. ಸ್ಪ್ರಿಂಗ್ ಬದಲಿಸಿದರೆ ಕಾರು ಕುಸಿಯುವುದು ಕಾಣುವುದಿಲ್ಲ ಅಷ್ಟೇ, ಹೊರೆ ಅಲ್ಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಕೂಡ ತಯಾರಕರು ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ.

"ಹಾಗಾದರೆ ತೊಂದರೆ ಸ್ಪ್ರಿಂಗ್‌ನದಲ್ಲ" ಎಂದರು ಅಬ್ಬಾ. ನಮ್ಮ ಕಾರಿನದೇ ನಂಬರಿನ ಹೊಸ ಜೋಡಿ ಮತ್ತು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆವು. ದೊಡ್ಡ ಪಾತ್ರೆಗಳು ಈಗ ಗೂಡ್ಸ್ ಆಟೊದಲ್ಲಿ ಹೋಗುತ್ತವೆ. ಬಾಡಿಗೆಯಲ್ಲಿ ಸ್ವಲ್ಪ ಉಳಿತಾಯ ಕಡಿಮೆಯಾಗಿದೆ. ಎರಡನೇ ಸಲ ಬಿಚ್ಚಿದ ಕೂಲಿಯನ್ನು ಉಸ್ತಾದ್ ಅರ್ಧ ಮಾತ್ರ ತೆಗೆದುಕೊಂಡರು.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ಇಷ್ಟನ್ನು ನೆನಪಿಡಿ:

1. ಸ್ಪ್ರಿಂಗ್‌ನ ಪಾರ್ಟ್ ನಂಬರ್ ಮತ್ತು ಬಣ್ಣದ ಗುರುತನ್ನು ಮೊದಲು ನೋಡಿ.
2. ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ, ಹೊರೆಯಿಲ್ಲದ ಉದ್ದ ಈ ನಾಲ್ಕನ್ನೂ ಅಳೆಯಿರಿ. ಕಣ್ಣಳತೆ ಸಾಲದು.
3. ಒಂದೇ ಆಕ್ಸಲ್‌ನ ಎರಡೂ ಸ್ಪ್ರಿಂಗ್‌ಗಳನ್ನು ಒಟ್ಟಿಗೆ ಬದಲಿಸಿ.
4. ತುಕ್ಕಿನ ಗುಂಡಿ, ಗೀರು, ಕತ್ತರಿಸಿದ ತುದಿ ಕಂಡರೆ ಬೇಡ ಎನ್ನಿ.
5. ನೀವೇ ಬಿಚ್ಚಲು ಹೋಗಬೇಡಿ. ಪ್ರತಿ ಮಿ.ಮೀ.ಗೆ 20 ನ್ಯೂಟನ್ ಬಿಗಿಯ ಸ್ಪ್ರಿಂಗ್ 100 ಮಿ.ಮೀ. ಕುಗ್ಗಿದ್ದರೆ ಅದರಲ್ಲಿ 100 ಜೌಲ್ ಶಕ್ತಿ ಅಡಗಿರುತ್ತದೆ. ಅದು ಒಂದು ಮೀಟರ್ ಎತ್ತರದಿಂದ 10 ಕೆ.ಜಿ. ಕಲ್ಲು ಬಿದ್ದಷ್ಟು.

ಆ ಗುಜರಿ ಸ್ಪ್ರಿಂಗ್‌ಗಳಲ್ಲಿ ಒಂದು ಈಗ ನಮ್ಮ ಪ್ರಯೋಗಾಲಯದ ಕಪಾಟಿನ ಮೇಲಿದೆ. ಹುಕ್ ನಿಯಮದ ಪಾಠದ ದಿನ ಸರ್ ಅದನ್ನು ಮೇಜಿನ ಮೇಲಿಟ್ಟು, ತಂತಿಯ ದಪ್ಪ ಎಷ್ಟಿರಬಹುದು ಎಂದು ಕಿರಿಯರನ್ನು ಕೇಳುತ್ತಾರೆ. ಅಳೆಯದೆ ಉತ್ತರ ಹೇಳಬೇಡಿ ಎಂಬುದು ನನ್ನ ವಿನಂತಿ. ನಾನೊಮ್ಮೆ ಹಾಗೆ ಹೇಳಿಬಿಟ್ಟಿದ್ದೆ, ಮನೆಯವರು ನಂಬಿದ್ದರು.