ಹಂದಿ ಸಾಯುತ್ತಿವೆ, ಮಾರಿಬಿಡಲೇ?

ಪ್ರಶ್ನೆ: ಔರಾದ್ ಹತ್ತಿರ ಹಂದಿ ಸಾಕಿದ್ದೇನೆ. ಬೀದರ್ ಹೋಟೆಲುಗಳ ಮುಸುರೆ ಹಾಕುತ್ತೇನೆ. ಮೂರು ದಿನದಲ್ಲಿ ನಾಲ್ಕು ಸತ್ತವು, ಕಿವಿ ಕೆಂಪಾಗಿದ್ದವು. ಉಳಿದವನ್ನು ಭಾಲ್ಕಿಯಲ್ಲಿ ಮಾರಲೇ?

ಉತ್ತರ: ಮಾರಬೇಡಿ, ಕೊಯ್ಯಲೂ ಬೇಡಿ. ಇದು 2020ರಲ್ಲಿ ಈಶಾನ್ಯದಿಂದ ನಮ್ಮ ದೇಶಕ್ಕೆ ಹೊಕ್ಕ ಆಫ್ರಿಕನ್ ಹಂದಿ ಜ್ವರ ಇರಬಹುದು. ಮನುಷ್ಯರಿಗೆ ಅಂಟದು, ಹಂದಿಗೆ ಔಷಧವಿಲ್ಲ. ಮಾಮೂಲಿ ಹಂದಿಜ್ವರದ ಲಸಿಕೆ ಇದನ್ನು ತಡೆಯದು. ಇವತ್ತೇ ತಾಲ್ಲೂಕು ಪಶು ಆಸ್ಪತ್ರೆಗೆ ತಿಳಿಸಿ, ರಕ್ತದ ಮಾದರಿ ಅವರೇ ತೆಗೆಯಲಿ.

ನನ್ನ ಅನುಮಾನ ನಿಮ್ಮ ಮುಸುರೆ ಡಬ್ಬದ ಮೇಲೆ. ಸೋಂಕಿದ ಹಂದಿಮಾಂಸದ ಒಂದು ಚೂರು ಬಿದ್ದಿದ್ದರೂ ಸಾಕು. ಇನ್ನು ಮುಂದೆ ಅರ್ಧ ಗಂಟೆ ಕುದಿಸದೆ ಮುಸುರೆ ಹಾಕಬೇಡಿ. ಚಪ್ಪಲಿ, ಟೆಂಪೊ ಚಕ್ರವೂ ವೈರಾಣು ಹೊರುತ್ತವೆ. ಸತ್ತವನ್ನು ಹಳ್ಳಕ್ಕೆ ಎಸೆಯದೆ, ಡಾಕ್ಟರು ನೋಡಿದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿ. ರೋಗ ಖಚಿತವಾದರೆ ಉಳಿದವನ್ನೂ ಕೊಲ್ಲುತ್ತಾರೆ. ಹಾಗೆ ಕೊಂದವಕ್ಕೆ ಪರಿಹಾರವುಂಟು, ಲೆಕ್ಕ ಮುಚ್ಚಿಡಬೇಡಿ.