ಅರ್ಧ ಅಡಿಯ ಬೆಲೆ

ಎರಡು ಕೋಲುಗಳಲ್ಲಿ ಯಾವುದು ನೀಳವಾದುದೆಂಬುದನ್ನು ಮಗುವೂ ಹೇಳಬಲ್ಲುದು. ಆದರೆ ಎರಡು ಪೆಟ್ಟಿಗೆಗಳಲ್ಲಿ ಯಾವುದು ಹೆಚ್ಚು ಹಿಡಿಸುತ್ತದೆ, ಎಷ್ಟು ಹೆಚ್ಚು ಎಂದು ಕೇಳಿದರೆ ಅನುಭವಿಗಳೂ ಎಡವುವುದುಂಟು. ಅಳತೆಯಲ್ಲಿ ಭಿನ್ನರಾಶಿ ಬೆರೆತರೆ ತೊಡಕು ಇನ್ನೂ ಹೆಚ್ಚು.

ಮುಂಗಾರಿಗೆ ಮುನ್ನ ತೋಟದ ಯಜಮಾನನೊಬ್ಬನು ಸಸಿ ನೆಡಲು ಗುಂಡಿಗಳನ್ನು ತೋಡಿಸಿದನು. ಉದ್ದ, ಅಗಲ, ಆಳ ಒಂದೊಂದೂ 2 ಅಡಿ. ಗುಂಡಿಗೆ 80 ರೂಪಾಯಿ ಕೂಲಿ ಎಂದು ಮಾತಾಗಿತ್ತು. ಕೆಲವು ಗುಂಡಿಗಳಾದ ಮೇಲೆ ಅವನು, “ಮೂರು ಅಳತೆಗಳಲ್ಲೂ ಅರ್ಧ ಅಡಿ ಹೆಚ್ಚಿಸಿರಿ. 2 ಅಡಿಗೆ ಅರ್ಧ ಅಡಿಯೆಂದರೆ ಕಾಲುಪಾಲು. ಕೂಲಿಯನ್ನೂ ಕಾಲುಪಾಲು ಏರಿಸಿ 100 ರೂಪಾಯಿ ಕೊಡುತ್ತೇನೆ” ಎಂದನು. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಮಾತೂ ನ್ಯಾಯವಾಗಿಯೇ ತೋರಿತು. ಆದರೆ ದಿನಕ್ಕೆ ಆರು ಗುಂಡಿ ತೋಡುತ್ತಿದ್ದ ಆಳುಗಳಿಗೆ ಆ ದಿನ ಮೂರನ್ನು ಮುಗಿಸುವಷ್ಟರಲ್ಲಿ ಕತ್ತಲಾಯಿತು. ಅವರಲ್ಲಿ ಹಿರಿಯಳೊಬ್ಬಳು, “ಯಜಮಾನರೇ, ಮಣ್ಣಿನ ಗುಡ್ಡೆಯನ್ನು ನೋಡಿ. ಹೆಚ್ಚಿರುವುದು ಕಾಲುಪಾಲೇ?” ಎಂದಳು.

ಗುಂಡಿಯೆಂಬುದು ನೆಲದಲ್ಲಿ ಹುದುಗಿದ ಪೆಟ್ಟಿಗೆ. ಉದ್ದ, ಅಗಲ, ಆಳಗಳನ್ನು ಗುಣಿಸಿದರೆ ಅದರ ಘನಫಲ ದೊರೆಯುತ್ತದೆ. ಮೊದಲಿನ ಗುಂಡಿ 2 × 2 × 2, ಅಂದರೆ 8 ಘನ ಅಡಿ. ಎರಡನೆಯದು 2½ರ ಘನ. 2ರ ಘನವನ್ನೂ ½ರ ಘನವನ್ನೂ ಬೇರೆಬೇರೆಯಾಗಿ ಕಂಡು, ಕೂಡಿಸಿ, 8⅛ ಎನ್ನುವವರುಂಟು, ಅದು ತಪ್ಪು. 2½ಯನ್ನು 5/2 ಎಂದು ಬರೆದು ಗುಣಿಸಬೇಕು: 5/2 × 5/2 × 5/2 = 125/8, ಅಂದರೆ 15⅝ ಘನ ಅಡಿ.

ತಪ್ಪು ಲೆಕ್ಕದಲ್ಲಿ ಬಿಟ್ಟುಹೋದ 7½ ಘನ ಅಡಿ ಎಲ್ಲಿದೆ? ಹಳೆಯ ಗುಂಡಿಯ ಎರಡು ಪಕ್ಕಗಳಿಗೂ ತಳಕ್ಕೂ ಅರ್ಧ ಅಡಿ ದಪ್ಪದ ಮೂರು ಹಲಗೆಗಳು ಸೇರಿದಂತಾಗಿದೆ. ಒಂದೊಂದೂ 2 ಘನ ಅಡಿ. ಹಲಗೆಗಳ ನಡುವಣ ಅಂಚುಗಳಲ್ಲಿ ಮೂರು ತೊಲೆಗಳು. ಒಂದೊಂದೂ ½ ಘನ ಅಡಿ. 6 ಮತ್ತು 1½ ಸೇರಿ 7½. ತೊಲೆಗಳು ಸಂಧಿಸುವ ಮೂಲೆಯ ಪುಟ್ಟ ತುಂಡು ಮಾತ್ರ ⅛.

ಕೆಲಸವು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಘನ ಅಡಿಗೆ 10 ರೂಪಾಯಿಯಂತೆ ಸಲ್ಲಬೇಕಾದ ಕೂಲಿ 156 ರೂಪಾಯಿ 25 ಪೈಸೆ. ಲೆಕ್ಕ ತಿಳಿದ ಯಜಮಾನನು ತನ್ನ ಮಾತನ್ನು ತಿದ್ದಿಕೊಂಡು ಅಷ್ಟನ್ನೂ ಸಲ್ಲಿಸಿದನು.

ಅಳತೆಗಳ ಮೊತ್ತವನ್ನು ನೋಡಿ ಪೆಟ್ಟಿಗೆಗಳನ್ನು ಹೋಲಿಸುವುದೂ ಸರಿಯಲ್ಲ. 2½, 1½, 1½ ಅಡಿಗಳ ಪೆಟ್ಟಿಗೆಗೂ 2, 2, 1½ ಅಡಿಗಳ ಪೆಟ್ಟಿಗೆಗೂ ಮೊತ್ತ 5½ ಅಡಿಯೇ. ಆದರೆ ಮೊದಲನೆಯದರ ಘನಫಲ 5⅝ ಘನ ಅಡಿ. ಎರಡನೆಯದರದು 6 ಘನ ಅಡಿ.

ಈ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ಭಿನ್ನರಾಶಿಗಳಿಗೂ ಅಗೆತದ ಲೆಕ್ಕಕ್ಕೂ ಬೇರೆಬೇರೆ ಪ್ರಕರಣಗಳಿವೆ. ಲೋಕವ್ಯವಹಾರದಲ್ಲಿ ನ್ಯಾಯವಾಗಿ ನಡೆಯಲು ಒಳ್ಳೆಯ ಮನಸ್ಸಿನ ಜೊತೆಗೆ ಸರಿಯಾದ ಲೆಕ್ಕವೂ ಬೇಕು. ಅಳೆಯಲು ಬಲ್ಲವನು ದುಡಿದವರ ಬೆವರಿಗೆ ಸಲ್ಲಬೇಕಾದುದನ್ನು ಕುಂದಿಲ್ಲದೆ ಸಲ್ಲಿಸಬಲ್ಲನು.

ಅಭ್ಯಾಸ

1. ಯಜಮಾನನ ಮಾತು ನ್ಯಾಯವಾಗಿ ತೋರಿದರೂ ಏಕೆ ತಪ್ಪಾಗಿತ್ತು?
2. 1 ಅಡಿಯ ಘನಕ್ಕಿಂತ 1½ ಅಡಿಯ ಘನವು ಎಷ್ಟು ಪಟ್ಟು ದೊಡ್ಡದು?